ಆಪರೇಷನ್ ಟೇಬಲ್ ಮೇಲೆ ನರಕ್ಕೆ ಪೆಟ್ಟಾಗದಂತೆ ಮಲಗಿಸುವುದು ಹೇಗೆ?

ಕಲ್ಲಿನ ಆಪರೇಷನ್‌ಗೆ ಬಂದವರು ಪಾದ ಎಳೆಯುತ್ತ ಮನೆಗೆ ಹೋಗಬಾರದು. ಎಚ್ಚರವಿದ್ದಾಗ ಕೈ ಜೋಮು ಹಿಡಿದರೆ ನಾವೇ ಸರಿಸಿಕೊಳ್ಳುತ್ತೇವೆ. ಅರಿವಳಿಕೆಯಲ್ಲಿ ಜೋಮು ಗೊತ್ತಾಗುವುದಿಲ್ಲ. ಎಲುಬಿಗೂ ಟೇಬಲ್ಲಿಗೂ ನಡುವೆ ಸಿಕ್ಕ ನರಕ್ಕೆ ತಾಸುಗಟ್ಟಲೆ ರಕ್ತ ಸಾಲದೆ ಹೋಗುತ್ತದೆ.

ಮೊದಲು ಕೇಳಿ, ಬರೆದಿಡಿ. ಶುಗರ್ ಇದೆಯೇ? ಬೆರಳು ಈಗಾಗಲೇ ಜುಮ್ಮೆನ್ನುತ್ತವೆಯೇ? ಇಳಕಲ್ಲಿನ ನೇಕಾರರಿಗೆ, ಮುಧೋಳದ ಕಡೆ ಕಬ್ಬು ಕಡಿಯುವವರಿಗೆ ಕೈಯೇ ದುಡಿಮೆ. ಈ ಪ್ರಶ್ನೆ ಬಿಡಲೇಬೇಡಿ.

ಕೈ: ಕೈ ಚಾಚಿಡುವ ಬೋರ್ಡ್ ಟೇಬಲ್ ಹಾಸಿಗೆಗೆ ಸಮ ಎತ್ತರದಲ್ಲಿರಲಿ, ತೋಳು ಮೈಯಿಂದ 90 ಡಿಗ್ರಿ ದಾಟದಿರಲಿ, ಅಂಗೈ ಮೇಲಕ್ಕಿರಲಿ. ಅಂಗೈ ಕೆಳಗಾದರೆ ಮೊಣಕೈ ಒಳಬದಿಯ ನರ ನೇರ ಬೋರ್ಡಿಗೆ ಒತ್ತುತ್ತದೆ. ಕೈ ಮೈಗೆ ಸೇರಿಸಿದರೆ ಅಂಗೈ ತೊಡೆಯ ಕಡೆ, ಹೆಬ್ಬೆರಳು ಮೇಲೆ. ತಲೆಯನ್ನು ಚಾಚಿದ ಕೈಯ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಡಬೇಡಿ. ಬಿಪಿ ಪಟ್ಟಿ ಮೊಣಕೈ ಸಂದಿಗೆ ಜಾರದಿರಲಿ. ಕೈ ಕೆಳಗೆ ಹಾಸಲು ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೆಳು ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೋರ್ಡ್ ತಾಗಿದರೆ ಅದು ಕಸ.

ಹೆಚ್ಚು ಎಡವುವುದು ಕಾಲು ಮೇಲೆತ್ತುವ ಲಿಥಾಟಮಿ ಭಂಗಿಯಲ್ಲಿ. ಇಬ್ಬರು ಬೇಕು. ಒಬ್ಬರೇ ಒಂದಾದ ಮೇಲೊಂದು ಎತ್ತಿದರೆ ಸೊಂಟ ತಿರುಚುತ್ತದೆ. ಎರಡೂ ಕಾಲನ್ನು ಒಟ್ಟಿಗೆ, ಸೊಂಟ ಮತ್ತು ಮೊಣಕಾಲನ್ನು ಜೊತೆಜೊತೆಗೆ ಮಡಿಸುತ್ತ ಎತ್ತಿ. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಿಯಬಾರದು. ಮೊಣಕಾಲು ನೀಟಾಗಿ ಚಾಚಿದರೆ ತೊಡೆಯ ಹಿಂದಿನ ನರ ಎಳೆಯುತ್ತದೆ. ಈಗ ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಎಲುಬಿನ ಗುಂಡನ್ನು ಮುಟ್ಟಿ ನೋಡಿ. ಪಾದ ಎತ್ತುವ ನರ ಅದರ ಕೊರಳು ಸುತ್ತಿ ಚರ್ಮದಡಿಯೇ ಹಾದಿದೆ. ಸ್ಟಿರಪ್ಪಿನ (ಎತ್ತಿದ ಕಾಲನ್ನು ಹಿಡಿದಿಡುವ ಆಸರೆಯ) ಕಂಬಕ್ಕೂ ಆ ಗುಂಡಿಗೂ ನಡುವೆ ನಿಮ್ಮ ಅಂಗೈ ಸಲೀಸಾಗಿ ಜಾರಬೇಕು. ಜಾರದಿದ್ದರೆ ಸ್ಟಿರಪ್ಪನ್ನೇ ಸರಿಸಿ. ಹತ್ತಿ ತುರುಕಿದರೆ ಒತ್ತಡ ಹೆಚ್ಚುತ್ತದೆ. ಅಸಿಸ್ಟೆಂಟ್ ತೊಡೆಗೆ ಒರಗಿ ನಿಲ್ಲುವುದನ್ನು ಎಲ್ಲರ ಮುಂದೆಯೇ ತಡೆಯಿರಿ. 2 ತಾಸು ದಾಟಿದರೆ ಅಪಾಯ ಏರುತ್ತದೆ, ಗಡಿಯಾರ ನೋಡಿ ಹೇಳಿ. ಇಳಿಸಿದ್ದ ಟೇಬಲ್ಲಿನ ಕಾಲಿನ ಭಾಗ ಮತ್ತೆ ಎತ್ತುವ ಮೊದಲು ಕೈಬೆರಳು ಎಲ್ಲಿವೆ ನೋಡಿ: ಸಂದಿಗೆ ಸಿಕ್ಕಿ ಜಜ್ಜಿಹೋಗುತ್ತವೆ. ಕಾಲು ಇಳಿಸುವಾಗಲೂ ಒಟ್ಟಿಗೆ, ನಿಧಾನಕ್ಕೆ; ಬಿಪಿ ಥಟ್ಟನೆ ಬೀಳಬಹುದು.

ಪಕ್ಕಕ್ಕೆ ಮಲಗಿಸಿದರೆ ಬಟ್ಟೆಯ ಸುರುಳಿ ಎದೆಯ ಕೆಳಗೆ, ಕಂಕುಳಿನಲ್ಲಿ ಅಲ್ಲ. ಮೊಣಕಾಲುಗಳ ನಡುವೆ ದಿಂಬು. ತಲೆ ತಗ್ಗಿಸುವ ಭಂಗಿಗೆ ಭುಜಕ್ಕೆ ಕೊಡುವ ಆಸರೆ ಪಟ್ಟಿ ಬೇಡವೇ ಬೇಡ, ಜಾರದ ಹಾಸು ಸಾಕು.

ಎಚ್ಚರವಾದ ಮೇಲೆ: ‘ಅಜ್ಜಾರ, ಕಾಲಿನ ಹೆಬ್ಬಟ್ಟ ಮ್ಯಾಲ ಎತ್ರಿ, ಕೈಬಟ್ಟ ಅಗಲ ಮಾಡ್ರಿ.’ ಸ್ಪೈನಲ್ (ಬೆನ್ನಿಗೆ ಚುಚ್ಚುವ ಅರಿವಳಿಕೆ) ಕೊಟ್ಟಿದ್ದರೆ ಅದು ಇಳಿದ ಮೇಲೂ ಇದನ್ನೇ ಕೇಳಿ. ಮೊಣಕೈ ನರದ ತೊಂದರೆ ಒಂದೆರಡು ದಿನ ತಡವಾಗಿ ಕಾಣುವುದುಂಟು, ಹಾಗಾಗಿ ಡಿಸ್ಚಾರ್ಜ್ ದಿನವೂ ನೋಡಿ. ಪಾದ ಏಳದಿದ್ದರೆ ಡಾಕ್ಟರಿಗೆ ಅಂದೇ ತಿಳಿಸಿ, ಪಾದಕ್ಕೆ ಸ್ಪ್ಲಿಂಟ್ ಹಾಕಿಸಿ, ಫಿಸಿಯೋಥೆರಪಿ ಶುರು ಮಾಡಿಸಿ. ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಪರೀಕ್ಷೆಯಲ್ಲಿ ಪೆಟ್ಟು ಸ್ಪಷ್ಟವಾಗಲು ಸುಮಾರು 3 ವಾರ ಹಿಡಿಯುತ್ತದೆ.