ಇಲಿಗಳ ಊಟ, ಮುಪ್ಪು, ಸೋಂಕು: ಎರಡೂವರೆ ವರ್ಷದ ಪ್ರಯೋಗವನ್ನು ಕೆಡದಂತೆ ನಡೆಸುವುದು ಹೇಗೆ

ಊಟ ಕಡಿಮೆ ಮಾಡಿದರೆ ಆಯಸ್ಸು ಜಾಸ್ತಿಯಾಗುತ್ತದಾ ಅಂತ ಇಲಿಗಳಲ್ಲಿ ನೋಡಲು ಹೊರಟಿದ್ದೀರಾ? ಕೇಳೋಕೆ ಸುಲಭದ ಕೆಲಸ. ಅರ್ಧ ಇಲಿಗಳಿಗೆ ಹೊಟ್ಟೆ ತುಂಬಾ ಹಾಕಿ, ಉಳಿದವಕ್ಕೆ ಕೈ ಬಿಗಿ ಹಿಡಿದು ಹಾಕಿ, ಯಾವುವು ಹೆಚ್ಚು ದಿನ ಇರುತ್ತವೆ ಅಂತ ಕಾಯುತ್ತಾ ಕೂರಿ. ಕಷ್ಟ ಇರುವುದು ಆ ಕಾಯುವುದರಲ್ಲೇ. ಎಲ್ಲ ಲ್ಯಾಬ್‌ಗಳಲ್ಲೂ ಕಾಣುವ ಸಿ57ಬಿಎಲ್/6 ತಳಿಯ ಕಪ್ಪು ಇಲಿ ಚೆನ್ನಾಗಿ ಸಾಕಿದರೆ ಎರಡು ಕಾಲು, ಎರಡೂವರೆ ವರ್ಷ ಬದುಕುತ್ತದೆ, ಕೆಲವು ಮೂರರ ಹತ್ತಿರಕ್ಕೂ ಹೋಗುತ್ತವೆ. ಅಷ್ಟು ದಿನ ರೂಮಿಗೆ ಒಂದು ಸೋಂಕೂ ನುಗ್ಗಬಾರದು, ಒಂದು ಚೀಲ ಆಹಾರವೂ ಕೆಡಬಾರದು. ಹಾಗೇನಾದರೂ ಆಗಿಬಿಟ್ಟರೆ ಇಲಿ ಸತ್ತದ್ದು ಮುಪ್ಪಿನಿಂದಲೋ, ಊಟದಿಂದಲೋ, ರೋಗದಿಂದಲೋ ಅಂತ ಬಿಡಿಸಿ ಹೇಳೋಕೆ ಆಗುವುದೇ ಇಲ್ಲ.

ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು, ಅದು ನಿಮಗೆ ಗೊತ್ತೇ ಇರುತ್ತದೆ. ಅರ್ಜಿಯಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಬರೆಯಿರಿ: ಯಾವ ಹಂತದಲ್ಲಿ ಇಲಿಯನ್ನು ನೋವಿಲ್ಲದೆ ಮುಗಿಸುತ್ತೀರಿ ಅಂತ. ಇದನ್ನು ಮುಂದಕ್ಕೆ ಹಾಕಿದವರು ಮುದಿ ಇಲಿಯನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡಲಿ ಅಂತ ಒದ್ದಾಡುತ್ತಾರೆ.

ಈಗ ಊಟ. ಮಾಮೂಲಿ ಪೆಲೆಟ್, ಅಂದರೆ ಒತ್ತಿ ಗಟ್ಟಿ ಮಾಡಿದ ಆಹಾರದ ತುಂಡು, ಧಾನ್ಯ, ಸೋಯಾ, ಮೀನಿನ ಪುಡಿ ಇಂಥವುಗಳಿಂದ ಮಾಡಿದ್ದು. ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ, ಸೋಯಾದಲ್ಲಿ ಈಸ್ಟ್ರೋಜನ್ ತರಹ ಕೆಲಸ ಮಾಡುವ ಪದಾರ್ಥಗಳೂ ಇರುತ್ತವೆ. ಪೋಷಣೆಯೇ ನಿಮ್ಮ ಪ್ರಶ್ನೆ ಆಗಿದ್ದರೆ ಪ್ರತಿ ಅಂಶವೂ ಲೆಕ್ಕಕ್ಕೆ ಸಿಗುವ ಶುದ್ಧ ಆಹಾರ ತಗೊಳ್ಳಿ. 1993ರಲ್ಲಿ ಬಂದ, ಲ್ಯಾಬ್ ಇಲಿಗಳ ಆಹಾರದ ಎಐಎನ್-93 ಸೂತ್ರದಲ್ಲಿ ಎರಡು ಬಗೆ ಇವೆ. ಬೆಳೆಯುವ ಇಲಿಗೆ 'ಜಿ', ಅದರಲ್ಲಿ ಹಾಲಿನ ಪ್ರೋಟೀನ್ ಕೇಸಿನ್ ನೂರಕ್ಕೆ 20. ದೊಡ್ಡ ಇಲಿಯ ದಿನನಿತ್ಯಕ್ಕೆ 'ಎಂ', ಅದರಲ್ಲಿ 14. ಮುಪ್ಪಿನ ಪ್ರಯೋಗಕ್ಕೆ ಸುಮ್ನೆ 'ಜಿ' ತರಿಸಿಬಿಡಬೇಡಿ. ಒಂದು ಗುಂಪಿಗೆ ಶುದ್ಧ ಆಹಾರ, ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿಗೆ ಮಾಮೂಲಿ ಪೆಲೆಟ್ ಹಾಕುವುದಂತೂ ಬೇಡವೇ ಬೇಡ. ಎರಡಕ್ಕೂ ನಾರಿನಿಂದ ಹಿಡಿದು ಎಲ್ಲವೂ ಬೇರೆ. ಯಾವುದಕ್ಕೆ ಯಾವುದನ್ನು ಹೋಲಿಸುತ್ತೀರಿ?

ಕಂಟ್ರೋಲ್ ಗುಂಪು ಏನು ತಿನ್ನುತ್ತದೆ ಎನ್ನುವುದು ಎಷ್ಟು ಮುಖ್ಯ ಅಂತ ರೀಸಸ್ ಕೋತಿಗಳ ಕಥೆ ಹೇಳುತ್ತದೆ. ಅಮೆರಿಕದಲ್ಲಿ ಎರಡು ಕಡೆ, ವಿಸ್ಕಾನ್ಸಿನ್‌ನಲ್ಲಿ ಮತ್ತು ಅಲ್ಲಿನ ರಾಷ್ಟ್ರೀಯ ಮುಪ್ಪು ಸಂಶೋಧನಾ ಸಂಸ್ಥೆಯಲ್ಲಿ, ಕಡಿಮೆ ಕ್ಯಾಲರಿಯ ಪ್ರಯೋಗ ದಶಕಗಟ್ಟಲೆ ನಡೆಯಿತು. 2009ರಲ್ಲಿ ವಿಸ್ಕಾನ್ಸಿನ್‌ನವರು ಲಾಭ ಇದೆ ಅಂದರು. 2012ರಲ್ಲಿ ಇನ್ನೊಂದು ತಂಡ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದಿತು. ಹಿಂದಿರುಗಿ ನೋಡಿದರೆ ವಿಸ್ಕಾನ್ಸಿನ್ ಆಹಾರದಲ್ಲಿ ಸಕ್ಕರೆ ನೂರಕ್ಕೆ ಸುಮಾರು 28, ಇನ್ನೊಂದರಲ್ಲಿ ಸುಮಾರು 4. ವಿಸ್ಕಾನ್ಸಿನ್‌ನ ಕಂಟ್ರೋಲ್ ಕೋತಿಗಳು ಬೇಕಾದಷ್ಟು ತಿನ್ನುತ್ತಿದ್ದವು, ಇನ್ನೊಂದು ಕಡೆ ಅವಕ್ಕೂ ಅಳತೆ ಇತ್ತು. ಅಂದರೆ ಆ ಎರಡನೇ ಕಡೆಯ ಕಂಟ್ರೋಲ್ ಕೋತಿಗಳೇ ಸ್ವಲ್ಪ ಪಥ್ಯದಲ್ಲಿದ್ದ ಹಾಗಾಯಿತು, ಅಲ್ವಾ?

ಕಡಿತ ಒಂದೇ ದಿನಕ್ಕೆ ಬೇಡ. ಮೊದಲ ವಾರ ನೂರಕ್ಕೆ 10, ಆಮೇಲೆ 25, ಆಮೇಲೆ 40, ಹೀಗೆ ಇಳಿಸಿಕೊಂಡು ಹೋಗುವ ರೂಢಿ ಇದೆ. ಕಡಿಮೆ ಹಾಕುವ ಆಹಾರಕ್ಕೆ ವಿಟಮಿನ್, ಖನಿಜ ಸೇರಿಸಿ ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ನೀವು ನೋಡುತ್ತಿರುವುದು ಕಡಿಮೆ ಕ್ಯಾಲರಿಯನ್ನಲ್ಲ, ಅಪೌಷ್ಟಿಕತೆಯನ್ನು.

ಹಾಕುವ ಹೊತ್ತೂ ಅಷ್ಟೇ ಮುಖ್ಯ. ಇಲಿ ರಾತ್ರಿಯ ಪ್ರಾಣಿ. ನಮ್ಮ ಅನುಕೂಲಕ್ಕೆ ಬೆಳಿಗ್ಗೆ ಒಂದು ಸಲ ಹಾಕಿದರೆ ಹಸಿದ ಇಲಿ ಎರಡು ಮೂರು ಗಂಟೆಯಲ್ಲಿ ಎಲ್ಲ ಖಾಲಿ ಮಾಡಿ, ಉಳಿದ ದಿನವೆಲ್ಲ ಉಪವಾಸ ಕೂರುತ್ತದೆ. ಆಗ ಫಲ ಬಂದದ್ದು ಕಡಿಮೆ ಊಟದಿಂದಲೋ, ಉಪವಾಸದಿಂದಲೋ? 2022ರಲ್ಲಿ ಇದನ್ನೇ ಬಿಡಿಸಿ ನೋಡಿದ ಒಂದು ಅಧ್ಯಯನ ಬಂತು. ನೂರಕ್ಕೆ 30 ಕಡಿಮೆ ಊಟವನ್ನು ಇಡೀ ದಿನಕ್ಕೆ ಹಂಚಿ ಕೊಟ್ಟಾಗ ಗಂಡು ಇಲಿಗಳ ಆಯಸ್ಸು ಸುಮಾರು 10 ಪರ್ಸೆಂಟ್ ಹೆಚ್ಚಿತು. ಅದೇ ಊಟವನ್ನು ರಾತ್ರಿ ಮಾತ್ರ ಕೊಟ್ಟಾಗ ಸುಮಾರು 35. ಹಾಗಾಗಿ ದೀಪ ಆರುವ ಹೊತ್ತಿಗೆ ಹಾಕಿ, ದಿನಾ ಅದೇ ಹೊತ್ತಿಗೆ ಹಾಕಿ, ಆ ಹೊತ್ತನ್ನು ಬರೆದಿಡಿ.

ಪೆಲೆಟ್ ಚೀಲವನ್ನು ತಂಪಾದ ಒಣ ಜಾಗದಲ್ಲಿ, ನೆಲದಿಂದ ಮೇಲಕ್ಕೆ ಇಡಿ. ತಯಾರಾದ ದಿನ ನೋಡಿಕೊಳ್ಳಿ. ಮಾಮೂಲಿ ಪೆಲೆಟ್‌ಗೆ ಆರು ತಿಂಗಳು, ಅಷ್ಟೇ. ಶುದ್ಧ ಆಹಾರ ಅದಕ್ಕಿಂತ ಬೇಗ ಕೆಡಬಹುದು, ಅದನ್ನು ಫ್ರಿಜ್‌ನಲ್ಲಿಡಿ. ಸೋಂಕು ಬರಬಾರದು ಅಂತ ಆಟೋಕ್ಲೇವ್ ಮಾಡುತ್ತೀರಾದರೆ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸುತ್ತೀರಾದರೆ, ಬಿಸಿಗೆ ಥಯಾಮಿನ್ (ವಿಟಮಿನ್ ಬಿ1), ವಿಟಮಿನ್ ಎ ಹಾಳಾಗುತ್ತವೆ. ಪೆಲೆಟ್ ಕಲ್ಲಿನಂತೆ ಗಟ್ಟಿಯೂ ಆಗುತ್ತದೆ. ಹಲ್ಲು ಸರಿಯಿಲ್ಲದ ಮುದಿ ಇಲಿ ಅದನ್ನು ಕಡಿಯಲಾರದೆ ಸೊರಗುತ್ತದೆ, ನಾವು ಮುಪ್ಪು ಅಂತ ಬರೆದುಕೊಳ್ಳುತ್ತೇವೆ. ವಿಕಿರಣದಿಂದ ಶುದ್ಧಿ ಮಾಡಿದ ಆಹಾರ ಸಿಕ್ಕರೆ ಅದೇ ವಾಸಿ.

ತೂಕದ ವಿಷಯದಲ್ಲಿ ನಾನೇ ಒಮ್ಮೆ ಪೆಚ್ಚಾಗಿದ್ದೇನೆ. ಒಂದು ವಾರ ಬೆಳಿಗ್ಗೆ, ಮುಂದಿನ ವಾರ ಊಟ ಹಾಕಿದ ಮೇಲೆ ತೂಗಿ, ಎಂಥಾ ಏರಿಳಿತ ಅಂತ ಖುಷಿಪಟ್ಟಿದ್ದೆ. ಇಪ್ಪತ್ತೈದು ಮೂವತ್ತು ಗ್ರಾಂ ಪ್ರಾಣಿಯ ಹೊಟ್ಟೆಯಲ್ಲಿ ಎರಡು ಗ್ರಾಂ ಆಹಾರ ಕೂತರೆ ತೂಕ ಏರದೆ ಇರುತ್ತದಾ? ವಾರಕ್ಕೊಂದು ದಿನ, ಒಂದೇ ಹೊತ್ತು, ಊಟಕ್ಕೆ ಮುಂಚೆ ತೂಗಿ. ಬಾಲ ಹಿಡಿದು ಎತ್ತಬೇಡಿ. ಪಂಜರದೊಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟಿರಿ, ಇಲಿ ತಾನೇ ಒಳಗೆ ಹೋಗುತ್ತದೆ, ಕೊಳವೆ ಸಮೇತ ಎತ್ತಿ ತಕ್ಕಡಿ ಮೇಲಿನ ಡಬ್ಬಿಗೆ ಬಿಡಿ. ಹೀಗೆ ಎತ್ತಿದ ಇಲಿಗಳಿಗೆ ಆತಂಕ ಕಡಿಮೆ ಅಂತ 2010ರಲ್ಲೇ ಪ್ರಕಟವಾಗಿದೆ. ತೂಗಿದ ಮೇಲೆ ಬೆರಳಿನಿಂದ ಸೊಂಟದ ಮೂಳೆ ಸವರಿ ನೋಡಿ. ಮೈಕಟ್ಟಿಗೆ ಅಂಕ ಕೊಡಿ: ಚೂಪಾಗಿ ಕೈಗೆ ಚುಚ್ಚಿದರೆ 1, ತೆಳುವಾಗಿ ಮಾಂಸ ಹೊದ್ದು ಸಿಕ್ಕರೆ 3, ಮೂಳೆಯೇ ಸಿಗದಿದ್ದರೆ 5. ತಕ್ಕಡಿ ಸುಳ್ಳು ಹೇಳುವುದುಂಟು, ಹೊಟ್ಟೆಯೊಳಗೆ ಗೆಡ್ಡೆ ಬೆಳೆದ ಇಲಿ ತೂಕ ಕಳೆದುಕೊಳ್ಳುವುದೇ ಇಲ್ಲ. ಬೆರಳಿಗೆ ಮೋಸ ಮಾಡುವುದು ಕಷ್ಟ.

ಇನ್ನೊಂದು. ಬೆಳಿಗ್ಗೆ ಹೋದಾಗ ಕಡಿಮೆ ಊಟದ ಇಲಿ ತಣ್ಣಗೆ, ಅಲುಗಾಡದೆ ಬಿದ್ದಿದ್ದರೆ ಗಾಬರಿಯಾಗಬೇಡಿ. ಹಸಿದ ಇಲಿ ಮೈಬಿಸಿ ಇಳಿಸಿಕೊಂಡು ಜಡವಾಗಿ ಮಲಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎದ್ದು ಓಡಾಡುತ್ತದೆ. ಇಲಿಗೆ ಹಿತವಾದ ಬಿಸಿ ಸುಮಾರು 30 ಡಿಗ್ರಿ, ನಮ್ಮ ರೂಮುಗಳು ಇರುವುದು 22ರಲ್ಲಿ. ಗೂಡು ಕಟ್ಟಿಕೊಳ್ಳಲು ಕಾಗದದ ಚೂರು ಎರಡೂ ಗುಂಪಿಗೆ ಒಂದೇ ಅಳತೆಯಲ್ಲಿ ಹಾಕಿ. ಒಂದೇ ಪಂಜರದಲ್ಲಿ ಮೂರು ನಾಲ್ಕು ಇಲಿ ಇಟ್ಟು ಅಳತೆ ಊಟ ಹಾಕಿದರೆ ಜೋರಿನದು ತಿಂದು ಉಳಿದವು ನೋಡುತ್ತಾ ಕೂರುತ್ತವೆ. ಒಂಟಿ ಇಟ್ಟರೆ ಚಳಿ, ಒಂಟಿತನ. ನಾನು ಒಂಟಿ ಇಡುತ್ತೇನೆ, ಆದರೆ ಕಂಟ್ರೋಲ್‌ನವನ್ನೂ ಒಂಟಿಯೇ ಇಡುತ್ತೇನೆ.

ಈಗ ಸೋಂಕು. 1994ರಲ್ಲಿ ವರದಿಯಾದ ಒಂದು ಪ್ರಸಂಗ ನೋಡಿ. ಅಮೆರಿಕದಲ್ಲಿ ದೀರ್ಘಕಾಲದ ಪ್ರಯೋಗವೊಂದರಲ್ಲಿ ಏನೂ ಕೊಡದ ಕಂಟ್ರೋಲ್ ಇಲಿಗಳಿಗೇ ಲಿವರ್ ಗೆಡ್ಡೆಗಳು ಬಂದವು. ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ಬ್ಯಾಕ್ಟೀರಿಯಾ, ಹೆಲಿಕೋಬ್ಯಾಕ್ಟರ್ ಹೆಪಾಟಿಕಸ್. ಹೊರಗೆ ನೋಡೋಕೆ ಇಲಿಗಳು ಚೆನ್ನಾಗೇ ಇದ್ದವು. ನೀವು ಹೆದರಬೇಕಾದದ್ದು ಇಂಥ ಸದ್ದಿಲ್ಲದ ಸೋಂಕಿಗೆ. ಎಲ್ಲ ಇಲಿಗಳನ್ನೂ ಒಂದೇ ಸಲ ಕೊಲ್ಲುವ ರೋಗವಾದರೆ ಕನಿಷ್ಠ ಗೊತ್ತಾದರೂ ಆಗುತ್ತದೆ.

ಸೋಂಕು ಒಳಗೆ ಬರುವ ದಾರಿಗಳು ಕೆಲವೇ. ಹೊಸ ಇಲಿಗಳು, ಕಾಡಿಲಿಗಳು, ನಮ್ಮ ಕೈ ಬಟ್ಟೆ, ಆಹಾರ, ಹಾಸು. ಜೊತೆಗೆ ಎಲ್ಲರೂ ಮರೆಯುವ ಒಂದು, ಇಲಿಗೆ ಚುಚ್ಚುವ ಜೀವಕೋಶ ಮತ್ತು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ). ಇಲಿ ಸಿಡುಬಿನ ವೈರಸ್ 1990ರ ದಶಕದಲ್ಲಿ ಅಮೆರಿಕದ ಲ್ಯಾಬ್‌ಗಳಿಗೆ ನುಗ್ಗಿದ್ದು ಕೊಂಡು ತಂದ ಇಲಿ ಸೀರಮ್‌ನಿಂದಲೇ. ಹಾಗಾಗಿ ಜೀವಕೋಶವನ್ನೂ ಪಿಸಿಆರ್ (ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ) ಪರೀಕ್ಷೆ ಮಾಡಿಸದೆ ಇಲಿಗೆ ಹಾಕಬೇಡಿ. ಹೊಸ ಇಲಿಗಳು ಮೊದಲು ಬೇರೆ ರೂಮಿನಲ್ಲಿರಲಿ, ಪರೀಕ್ಷೆಯ ಫಲ ಬಂದ ಮೇಲೆ ಒಳಗೆ ಬರಲಿ.

ಕಾವಲಿಗೆ ಕೆಲವು ಎಳೆ ಇಲಿಗಳನ್ನು ಇಡುವ ಪದ್ಧತಿ ಇದೆ. ಪಂಜರ ಬದಲಿಸುವಾಗ ಪ್ರತಿ ಪಂಜರದಿಂದ ಒಂದು ಚಮಚ ಕೊಳೆ ಹಾಸನ್ನು ಅವುಗಳ ಪಂಜರಕ್ಕೆ ಹಾಕಿ, ಮೂರು ತಿಂಗಳಿಗೊಮ್ಮೆ ಅವನ್ನು ಪರೀಕ್ಷಿಸಿ. ಇದನ್ನೇ ಪೂರ್ತಿ ನಂಬಬೇಡಿ. ಉಸಿರಿನಿಂದ ಹರಡುವ ಸೆಂಡಾಯ್ ವೈರಸ್, ಕೂದಲ ಹುಳಗಳು ಕೊಳೆ ಹಾಸಿನ ಮೂಲಕ ಸರಿಯಾಗಿ ದಾಟುವುದಿಲ್ಲ. ಹೊರಹೋಗುವ ಗಾಳಿಯ ಕೊಳವೆಯ ಧೂಳನ್ನೂ ಪಿಸಿಆರ್‌ಗೆ ಕಳಿಸಿ. ಸೂಜಿಹುಳಕ್ಕೆ ಸುಲಭದ ಉಪಾಯ ಇದೆ. ಪಾರದರ್ಶಕ ಟೇಪಿನ ಚೂರನ್ನು ಬಾಲದ ಬುಡಕ್ಕೆ ಒತ್ತಿ, ಗಾಜಿನ ಸ್ಲೈಡ್‌ಗೆ ಅಂಟಿಸಿ ಮೈಕ್ರೋಸ್ಕೋಪ್ ಕೆಳಗೆ ನೋಡಿ, ಒಂದು ಕಡೆ ಚಪ್ಪಟೆಯಾದ ಬಾಳೆಹಣ್ಣಿನ ಆಕಾರದ ಮೊಟ್ಟೆ ಕಂಡರೆ ಬಂದಿದೆ ಅಂತಲೇ. ಇನ್ನೊಂದು ಜಾತಿಯ ಸೂಜಿಹುಳ ಮೊಟ್ಟೆಯನ್ನು ಅಲ್ಲಿ ಇಡುವುದಿಲ್ಲ, ಅದಕ್ಕೆ ಹಿಕ್ಕೆಯನ್ನೇ ನೋಡಬೇಕು. ಚಿಕಿತ್ಸೆಗೆ ಔಷಧಿಯನ್ನು ಸಾಮಾನ್ಯವಾಗಿ ಆಹಾರದಲ್ಲೇ ಬೆರೆಸಿ ಕೊಡುತ್ತಾರೆ. ಊಟದ ಪ್ರಯೋಗದಲ್ಲಿ ಊಟವನ್ನೇ ಬದಲಿಸಿದರೆ ಇನ್ನೇನು ಉಳಿಯಿತು?

ಕೆಲಸ ಯಾವಾಗಲೂ ಚೊಕ್ಕ ರೂಮಿನಿಂದ ಕೊಳೆ ರೂಮಿನ ಕಡೆಗೆ. ಅನುಮಾನದ ರೂಮಿಗೆ ಹೋದ ದಿನ ಚೊಕ್ಕ ರೂಮಿಗೆ ವಾಪಸ್ ಬರಬೇಡಿ. 70 ಪರ್ಸೆಂಟ್ ಆಲ್ಕೋಹಾಲ್ ಸಿಂಪಡಿಸಿ ಆಯ್ತು ಅಂದುಕೊಳ್ಳುವವರು ಬಹಳ. ಅದು ಬ್ಯಾಕ್ಟೀರಿಯಾ ಬೀಜಕಗಳಿಗೂ ಸೂಜಿಹುಳದ ಮೊಟ್ಟೆಗೂ ನಾಟುವುದಿಲ್ಲ, ಇಲಿ ನೊರೊವೈರಸ್ ಮೇಲೂ ನಂಬುವಂತಿಲ್ಲ. ವೈರಸ್‌ಗೆ, ಬೀಜಕಕ್ಕೆ ಬ್ಲೀಚ್ ಅಥವಾ ಕ್ಲೋರಿನ್ ಡೈಆಕ್ಸೈಡ್ ಬಳಸಿ, ಒರೆಸುವ ಮುಂಚೆ ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಒದ್ದೆಯಾಗೇ ಬಿಡಿ. ಸೂಜಿಹುಳದ ಮೊಟ್ಟೆಗೆ ಬಿಸಿಯೇ ಮದ್ದು.

ಇಷ್ಟೆಲ್ಲ ಚೊಕ್ಕವಾಗಿ ಇಟ್ಟ ಮೇಲೆ ಒಂದು ತಿರುವು ಇದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಡಿಮೆ ಊಟದ ಮುದಿ ಇಲಿಗಳಿಗೆ ಇನ್‌ಫ್ಲುಯೆಂಜಾ ತಗುಲಿಸಿದಾಗ, ಹೊಟ್ಟೆ ತುಂಬ ತಿಂದ ಮುದಿ ಇಲಿಗಳಿಗಿಂತ ಅವೇ ಜಾಸ್ತಿ ಸತ್ತವು. ಸೋಂಕಿನ ಜೊತೆ ಸೆಣಸಲು ಮೈಯಲ್ಲಿ ಕೂಡಿಟ್ಟ ಶಕ್ತಿ ಬೇಕು, ಅವಕ್ಕೆ ಅದು ಇರಲಿಲ್ಲ. ಅಂದರೆ ನಿಮ್ಮ ರೂಮಿನಲ್ಲಿ ಕಂಡ ದೀರ್ಘಾಯುಸ್ಸು ಸೋಂಕೇ ಇಲ್ಲದ ರೂಮಿನ ದೀರ್ಘಾಯುಸ್ಸು. ಇದನ್ನು ಪೇಪರಿನಲ್ಲಿ ಮುಚ್ಚಿಡದೆ, ರೂಮಿನಲ್ಲಿ ಯಾವ ಯಾವ ರೋಗಾಣು ಇರಲಿಲ್ಲ ಎನ್ನುವ ಪಟ್ಟಿಯ ಸಮೇತ ಬರೆಯಿರಿ.

ಕೊನೆಗೆ ಸತ್ತ ಇಲಿ. ಎರಡು ವರ್ಷ ದಾಟಿದ ಮೇಲೆ ದಿನಕ್ಕೆ ಎರಡು ಸಲ ನೋಡಿ, ಮೈ ಸಣ್ಣದು, ಬೇಗ ಕೊಳೆಯುತ್ತದೆ. ತಕ್ಷಣ ಕೊಯ್ದು ನೋಡೋಕೆ ಆಗದಿದ್ದರೆ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ, ಮಂಜುಗಟ್ಟಿದರೆ ಜೀವಕೋಶಗಳು ಒಡೆದು ಅಂಗಾಂಶದ ತೆಳು ಪದರದಲ್ಲಿ ಗೆಡ್ಡೆ ಯಾವುದು, ಉರಿಯೂತ ಯಾವುದು ಅಂತ ಓದೋಕೆ ಆಗುವುದಿಲ್ಲ.