ಲೇತ್ ಪೀಸಿಗೆ ದಾರ ಸುತ್ತಿ ಟಾರ್ಕ್ ಅಳೆದಿದ್ದು

ಪೀಣ್ಯದಲ್ಲಿ ಲೇತ್ ಮೇಲೆ ನನ್ನ ಕೆಲಸ. ಮಗಳು ಫಸ್ಟ್ ಪಿಯುಸಿ. "ಅಪ್ಪ, ದಿನಾ ಸಿಲಿಂಡರ್ ತಿರುಗಿಸ್ತೀಯಲ್ವಾ, ಟಾರ್ಕ್ ಅಂದ್ರೆ ತಿರುಗಿಸೋ ಬಲದ ಪರಿಣಾಮ, ಅದನ್ನ ಮೊಮೆಂಟ್ ಆಫ್ ಇನರ್ಷಿಯಾದಿಂದ (ತಿರುಗೋಕೆ ವಸ್ತು ಒಡ್ಡೋ ಜಡತ್ವ) ಭಾಗಿಸಿದ್ರೆ ತಿರುಗೋ ವೇಗ ಎಷ್ಟು ಬೇಗ ಹೆಚ್ಚುತ್ತೆ ಅಂತ ಸಿಗುತ್ತಂತೆ, ಈ ಲೆಕ್ಕ ನಿಜಾನಾ ತೋರಿಸು" ಅಂತ ಗಂಟುಬಿದ್ದಳು.

ಎಂ.ಎಸ್. (ಮೈಲ್ಡ್ ಸ್ಟೀಲ್) ರೌಂಡ್ ಬಾರ್‌ನಲ್ಲಿ 100 ಮಿ.ಮೀ. ವ್ಯಾಸ, 80 ಮಿ.ಮೀ. ಉದ್ದದ ಪೀಸ್ ಮಾಡಿದೆ. ಎರಡೂ ತುದಿಗೆ 15 ಮಿ.ಮೀ. ಶಾಫ್ಟ್ ಅದರಲ್ಲೇ ಬಿಟ್ಟೆ. ಶಾಫ್ಟಿನ ತೂಕ ಅಕ್ಷಕ್ಕೆ ತೀರಾ ಹತ್ತಿರ ಇರೋದರಿಂದ ತಿರುಗುವಾಗ ಲೆಕ್ಕಕ್ಕೆ ಸಿಗೋದೇ ಕಮ್ಮಿ, ಅದನ್ನು ಮರೆತರೂ ನಡೆಯುತ್ತದೆ. ಎಸ್‌ಜೆಪಿ ರೋಡಿನಿಂದ ಆ ಶಾಫ್ಟಿಗೆ ಹೊಂದುವ ಎರಡು 6202 ಬೇರಿಂಗ್ ತಂದು ಕೂರಿಸಿದೆ. ಸಿಲಿಂಡರ್ ಭಾಗದ ತೂಕ 4.93 ಕೆ.ಜಿ. ಅದರ ಅರ್ಧಕ್ಕೆ ತ್ರಿಜ್ಯದ ವರ್ಗ ಗುಣಿಸಿದರೆ ಮೊಮೆಂಟ್ ಆಫ್ ಇನರ್ಷಿಯಾ, ಸುಮಾರು 0.0062 ಕೆ.ಜಿ. ಮೀಟರ್ ವರ್ಗ.

ದಾರ ಸುತ್ತಿ 200 ಗ್ರಾಂ ತೂಕದ ಬಟ್ಟು ಕಟ್ಟಿದೆ. 200 ಗ್ರಾಂ ಭಾರವನ್ನು ತ್ರಿಜ್ಯ 5 ಸೆಂ.ಮೀ.ಗೆ ಗುಣಿಸಿದರೆ ಟಾರ್ಕ್, ಇನ್ನೇನು ಅಂದುಕೊಂಡೆ. ಲೆಕ್ಕದಲ್ಲಿ ಒಂದು ಮೀಟರ್ ಇಳಿಯಲು 1.59 ಸೆಕೆಂಡ್ ಬೇಕು ಅಂತ ಬಂತು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್, ಎಣಿಸಿದರೆ 1.78.

ತಪ್ಪು ಹಿಡಿದದ್ದು ಮಗಳೇ. ಬಟ್ಟು ಸುಮ್ನೆ ನೇತಾಡ್ತಿಲ್ಲ, ವೇಗ ಹೆಚ್ಚಿಸಿಕೊಳ್ತಾ ಇಳೀತಿದೆ. ಲಿಫ್ಟ್ ಕೆಳಗೆ ಹೊರಟಾಗ ಮೈ ಹಗುರ ಆಗುತ್ತಲ್ಲ, ಹಾಗೆ ದಾರದ ಎಳೆತ ಭಾರಕ್ಕಿಂತ ಕಡಿಮೆ. ಅದನ್ನು ಸೇರಿಸಿದರೆ 1.65. ಇನ್ನೂ 0.13 ಎಲ್ಲಿ ಹೋಯಿತು?

ನನಗೆ ಬೇರಿಂಗ್ ಮೇಲೆ ಅನುಮಾನ. ಅವಳು ಒಪ್ಪಲಿಲ್ಲ. ಕಾಲು ಮೀಟರ್ ಇಳಿಯಲು ಸರಿಯಾಗಿ ಅರ್ಧ ಸಮಯ, 0.89 ಸೆಕೆಂಡ್, ಹಿಡಿಯುತ್ತಿತ್ತು. ಸಮಯದ ವರ್ಗಕ್ಕೆ ದೂರ ಇಟ್ಟು ಗ್ರಾಫ್ ಹಾಕಿದರೆ ಗೆರೆ ನೆಟ್ಟಗೆ ಬರುತ್ತಿತ್ತು, ಘರ್ಷಣೆ ಇದ್ದರೆ ಗೆರೆ ಬಾಗಬೇಕಲ್ವಾ ಅಂತ ಅವಳ ವಾದ. ಇಲ್ಲೇ ನಾವಿಬ್ಬರೂ ಒಂದು ಸಂಜೆ ಪೂರ್ತಿ ಒದ್ದಾಡಿದ್ದು. ಬೇರಿಂಗಿನ ಹಿಡಿತವೂ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಅದೂ ಸ್ಥಿರ ಟಾರ್ಕೇ, ಉಲ್ಟಾ ದಿಕ್ಕಿನದು. ಸ್ಥಿರದಲ್ಲಿ ಸ್ಥಿರ ಕಳೆದರೆ ಉಳಿಯೋದೂ ಸ್ಥಿರ. ಗೆರೆ ಬಾಗುವುದಿಲ್ಲ, ಇಳಿಜಾರು ಮಾತ್ರ ಕಮ್ಮಿಯಾಗುತ್ತದೆ.

ಅಳೆಯೋದು ಸುಲಭವಿತ್ತು. ಬಟ್ಟು ತೆಗೆದು ಒಂದೊಂದೇ ವಾಷರ್ ಕಟ್ಟುತ್ತಾ, ಬೆರಳಲ್ಲಿ ಸ್ವಲ್ಪ ತಳ್ಳಿದರೆ ಒಂದೇ ವೇಗದಲ್ಲಿ ಇಳಿಯುವಷ್ಟು ಆದಾಗ ತೂಗಿದೆ: 27 ಗ್ರಾಂ. 1.65 ಬದಲು 1.78 ಬರಬೇಕಾದರೆ ಲೆಕ್ಕದಲ್ಲಿ ಕಾಣೆಯಾಗಬೇಕಾದ ಭಾರ 28.

ಬೇರಿಂಗಿನ ರಬ್ಬರ್ ಸೀಲ್ ಕಿತ್ತು, ಸೀಮೆಎಣ್ಣೆಯಲ್ಲಿ ಗ್ರೀಸ್ ತೊಳೆದೆ. 1.69ಕ್ಕೆ ಬಂತು, ವಾಷರ್ 9 ಗ್ರಾಂ ಸಾಕಾಯಿತು. ಆಮೇಲೆ ಎಣ್ಣೆ ಬಿಡೋದು ಮರೆತು ಶೆಡ್ಡಿನಲ್ಲೇ ಬಿಟ್ಟಿದ್ದೆ, ಈ ಮಳೆಗಾಲಕ್ಕೆ ತುಕ್ಕು ಹಿಡಿದು ಕರಕರ ಅನ್ನುತ್ತಿದೆ.