ಜೇಬಿನ ಬಟ್ಟೆ ಹಿಡಿದುಕೊಟ್ಟ ನೀಲಿ: ಬಳ್ಳಾರಿಯ ಚರಂಡಿಗಳಲ್ಲಿ ನನ್ನ ಅನುಭವ

ಬಳ್ಳಾರಿಯ ಮಳೆನೀರು ಚರಂಡಿಯನ್ನು ಕೆಡಿಸುತ್ತಿರುವ ಜೀನ್ಸ್ ತೊಳೆಯುವ ಘಟಕ ಯಾವುದು, ಗ್ಯಾರೇಜು ಯಾವುದು ಎಂದು ಬೆರಳಿಟ್ಟು ತೋರಿಸಲು ಆಗುವುದೇ ಇಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರ ವಾದದಲ್ಲಿ ಹುರುಳಿತ್ತು. ಮಳೆಯಿಲ್ಲದ ದಿನ ಮಳೆನೀರು ಚರಂಡಿಯಲ್ಲಿ ನೀರು ಹರಿದರೆ ಯಾರೋ ಏನನ್ನೋ ಬಿಡುತ್ತಿದ್ದಾರೆ ಎಂಬ ಪುಸ್ತಕದ ಸೂತ್ರ, ಮನೆಮನೆಯ ಬಚ್ಚಲ ನೀರು ವರ್ಷವಿಡೀ ಅದೇ ಚರಂಡಿಗೆ ಸೇರುವ ನಮ್ಮಂಥ ಊರಿಗೆ ಹೊಂದುವುದಿಲ್ಲ. ಆದರೂ ಎರಡೂವರೆ ವರ್ಷ ಕಳೆದ ಮೇಲೆ ನನ್ನ ಲೆಕ್ಕದ ಪುಸ್ತಕದಲ್ಲಿ ಹನ್ನೊಂದು ಮೂಲಗಳು ಖಚಿತವಾಗಿ ದಾಖಲಾಗಿವೆ, ಅವುಗಳಲ್ಲಿ ಎಂಟು ಇಂದು ಚರಂಡಿಗೆ ಬಿಡುವುದನ್ನು ನಿಲ್ಲಿಸಿವೆ. ಸಣ್ಣದೊಂದು ನೀರು ಪರೀಕ್ಷಾ ಪ್ರಯೋಗಾಲಯವನ್ನು ಇಬ್ಬರೇ ಸೇರಿ ನಡೆಸುವ ನಮಗೆ ಇದು ಹೆಮ್ಮೆಯ ಸಂಗತಿಯೇ ಆದ್ದರಿಂದ, ಇದೇ ಕೆಲಸದಲ್ಲಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಕೆಲಸ ಕೊಟ್ಟವರು ಒಂದು ಬಡಾವಣೆಯ ನಿವಾಸಿಗಳು. ಅವರ ಮನೆಗಳ ಹಿಂದೆ ಹಾದುಹೋಗುವ ದೊಡ್ಡ ಚರಂಡಿ ಕೆಲವು ಬೆಳಗಿನ ಜಾವ ನೀಲಿಯಾಗಿರುತ್ತಿತ್ತು, ಕೆಲವು ದಿನ ಎಣ್ಣೆಯ ಪದರ ಹೊತ್ತು ಬರುತ್ತಿತ್ತು. ಊರಾಚೆ ಅದೇ ನೀರಿಗೆ ಪಂಪು ಇಟ್ಟು ಸೊಪ್ಪು ಬೆಳೆಯುವವರಿದ್ದಾರೆ, ಮಿಕ್ಕ ನೀರು ಹಗರಿ ನದಿಯ ಕಡೆಗೆ ಸಾಗುತ್ತದೆ. ಮೊದಲ ಆರು ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಹೋಗಿ, ಬಾಟಲಿ ತುಂಬಿಕೊಂಡು ಬಂದು, ಪಿಎಚ್ (ಹುಳಿ-ಕ್ಷಾರದ ಅಳತೆ), ಸಿಒಡಿ (ನೀರಿನ ಕೊಳೆ ಉತ್ಕರ್ಷಣೆಗೊಳ್ಳಲು ಬೇಕಾಗುವ ಆಮ್ಲಜನಕದ ಅಳತೆ), ಎಣ್ಣೆ-ಜಿಡ್ಡು ನೋಡುವುದು. ಅರವತ್ತರ ಹತ್ತಿರ ಮಾದರಿಗಳನ್ನು ಪರೀಕ್ಷಿಸಿರಬೇಕು. ರಾಸಾಯನಿಕಗಳ ಖರ್ಚೇ ಹದಿನೆಂಟು ಸಾವಿರ ದಾಟಿತು. ಬಂದ ಫಲಿತಾಂಶಗಳೆಲ್ಲ ಬಚ್ಚಲ ನೀರಿನವು. ನೀಲಿ ನೀರು ಹಗಲು ಬರುವುದಿಲ್ಲ, ಬಾಟಲಿ ಹಿಡಿದವನು ನಿಂತಿರುವಾಗಲಂತೂ ಬರುವುದೇ ಇಲ್ಲ ಎಂಬ ಸರಳ ಸತ್ಯವನ್ನು ಕಲಿಯಲು ಅಷ್ಟು ಹಣ ತೆರಬೇಕಾಯಿತು. ತಾನೇ ಗಂಟೆಗೊಂದು ಮಾದರಿ ಹಿಡಿಯುವ ಯಂತ್ರಕ್ಕೆ ದರಪಟ್ಟಿ ತರಿಸಿದಾಗ ಮೂರೂವರೆ ಲಕ್ಷದ ಮೇಲೆ ಹೇಳಿದರು. ಅದನ್ನು ಚರಂಡಿಯಲ್ಲಿ ಇಟ್ಟು ಮನೆಗೆ ಹೋಗಿ ನಿದ್ದೆ ಮಾಡುವ ಧೈರ್ಯ ಯಾರಿಗಿದೆ?

ಆ ದಿನಗಳಲ್ಲಿಯೇ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅಂಕಿ ಏರಿಸುವ, ಕಿಸೆಯಲ್ಲಿ ಹಿಡಿಯುವ ವಾಹಕತೆಯ ಮೀಟರು, ಸುಮಾರು ಎರಡು ಸಾವಿರ ರೂಪಾಯಿಯದು, ಹಿಡಿದುಕೊಂಡು ಚರಂಡಿಯ ಗುಂಟ ನಡೆಯುತ್ತಿದ್ದೆ. ನಮ್ಮ ಕಡೆಯ ಬಚ್ಚಲ ನೀರು ಸಾಮಾನ್ಯವಾಗಿ 1,500 ಮೈಕ್ರೋಸೀಮೆನ್ಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಕವಲಿನಲ್ಲಿ ಅದು ಒಮ್ಮೆಗೇ 4,500 ದಾಟಿತು. ಮೇಲ್ಭಾಗದಲ್ಲಿ ಜೀನ್ಸ್ ತೊಳೆಯುವ ಒಂದು ಘಟಕವಿತ್ತು. ಹೈಪೊ, ಮೆಟಾ, ಕಾಸ್ಟಿಕ್ ಎಂಬ ರಾಸಾಯನಿಕಗಳನ್ನು ಬಳಸುವ ಜಾಗದ ನೀರಿನಲ್ಲಿ ಲವಣ ಹೆಚ್ಚಿರುವುದು ಸಹಜವೆಂದು ನಾನು ನಿವಾಸಿಗಳ ಸಭೆಯಲ್ಲಿ ಆ ಘಟಕದ ಕಡೆ ಕೈ ತೋರಿಸಿಬಿಟ್ಟೆ. ಎರಡು ವಾರದ ಮೇಲೆ ಕಲ್ಲುಚಪ್ಪಡಿ ಎತ್ತಿಸಿ ನೋಡಿದಾಗ ಆ ನೀರು ಬರುತ್ತಿದ್ದುದು ಪಕ್ಕದ ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ. ಕೊಳವೆಬಾವಿಯ ಗಡಸು ನೀರನ್ನು ಸೋಸಿ ಹೊರಗೆ ಬಿಟ್ಟ, ಲವಣ ತುಂಬಿದ ತ್ಯಾಜ್ಯ ನೀರು ಅದು. ಜೀನ್ಸ್ ಘಟಕದ ಮಾಲೀಕರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಒಂದೇ ಅಳತೆಯನ್ನು ನಂಬಿ ಯಾರ ಹೆಸರನ್ನೂ ಬಾಯಿಗೆ ತಂದಿಲ್ಲ. ನಮ್ಮ ಕಡೆ ಊರಿಗೆ ಹತ್ತಾರು ಇಂಥ ನೀರಿನ ಘಟಕಗಳಿರುವುದರಿಂದ, ವಾಹಕತೆ ಏರಿದ ಕೂಡಲೇ ಮೊದಲು ಅವುಗಳ ಪಟ್ಟಿ ಮಾಡಿಕೊಳ್ಳಬೇಕೆಂದು ಈ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಒತ್ತಿ ಹೇಳುತ್ತೇನೆ.

ದಾರಿ ತೋರಿದವನು ವಾಷಿಂಗ್ ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಳೆಯ ಮೇಸ್ತ್ರಿ. ಒಂದು ಪ್ಯಾಂಟಿಗೆ ಐವತ್ತು ಅರವತ್ತು ಲೀಟರ್ ನೀರು ಹೋಗುತ್ತದೆ ಎಂದು ಹೇಳುತ್ತಾ, ತನ್ನ ಕಾಲದ ದೊಡ್ಡ ತಲೆನೋವು ಯಾವುದೆಂದು ತೆಲುಗು ಬೆರೆಸಿದ ಕನ್ನಡದಲ್ಲಿ ವಿವರಿಸಿದ. ಕಲ್ಲು ಹಾಕಿ ತೊಳೆಯುವಾಗ ಪ್ಯಾಂಟಿನಿಂದ ಬಿಟ್ಟ ಇಂಡಿಗೊ ಎಂಬ ನೀಲಿ ಬಣ್ಣ ಸುಮ್ಮನೆ ನೀರಿನಲ್ಲಿ ಹೋಗದೆ, ಅದೇ ಪ್ಯಾಂಟಿನ ಬಿಳಿ ಜೇಬಿನ ಬಟ್ಟೆಗೆ ಹತ್ತಿಕೊಂಡು ಮಾಲು ಕೆಡುತ್ತದೆ. ಅವರ ಭಾಷೆಯಲ್ಲಿ ಅದು ಬ್ಯಾಕ್ ಸ್ಟೈನಿಂಗ್. ಮಾಲೀಕರಿಗೆ ನಷ್ಟ ತರುವ ಈ ಗುಣವೇ ನನಗೆ ಬೇಕಾಗಿತ್ತು. ನೀರು ಹರಿದುಹೋಗುತ್ತದೆ, ಬಟ್ಟೆ ಉಳಿಯುತ್ತದೆ. ರಾತ್ರಿಯಿಡೀ ನಾನು ನಿಲ್ಲಲಾಗದ ಜಾಗದಲ್ಲಿ ಅಂಗೈಯಗಲದ ಬಟ್ಟೆ ನಿಲ್ಲಬಲ್ಲದು.

ಮರುದಿನವೇ ಬೆಂಗಳೂರು ರಸ್ತೆಯಲ್ಲಿ ಮೀಟರಿಗೆ ನಲವತ್ತೈದರಂತೆ ಐದು ಮೀಟರ್ ಜೇಬಿನ ಬಟ್ಟೆ ತಂದೆವು. ಮೊದಲ ಹದಿನೈದು ದಿನ ಅದೂ ಸೋತಿತು. ಇಟ್ಟಿಗೆಗೆ ಕಟ್ಟಿ ತಳದಲ್ಲಿ ಇಟ್ಟರೆ ಹೂಳು ಮುಚ್ಚಿ ಕಪ್ಪಾಗುತ್ತಿತ್ತು, ಮೇಲೆ ತೇಲಿಬಿಟ್ಟರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಣಗಿರುತ್ತಿತ್ತು. ಕೊನೆಗೆ ಕಿಟಕಿಗೆ ಬಡಿಯುವ ಸೊಳ್ಳೆ ಜಾಲರಿಯನ್ನು ಸುರುಳಿ ಮಾಡಿ, ಅದರೊಳಗೆ ಬಟ್ಟೆಯನ್ನು ಹಿಗ್ಗಿಸಿ ಹೊಲಿದು, ತಂತಿಯಿಂದ ಚಪ್ಪಡಿಯ ಅಂಚಿಗೆ ಇಳಿಬಿಟ್ಟಾಗ ಸರಿಹೋಯಿತು. ನೀರಿನ ಮೇಲ್ಮೈಯಿಂದ ಎಷ್ಟು ಕೆಳಗೆ ಇರಬೇಕು, ಹರಿವಿಗೆ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ಅವರವರು ತಮ್ಮ ಚರಂಡಿಯಲ್ಲಿಯೇ ಕಂಡುಕೊಳ್ಳಬೇಕು. ಕಟ್ಟುವ ಮೊದಲು ಬಟ್ಟೆಯನ್ನು ಒಂದು ದ್ರಾವಣದಲ್ಲಿ ಅದ್ದಿ ಒಣಗಿಸುತ್ತೇನೆ, ಇದರಿಂದ ಬಣ್ಣ ಹಿಡಿಯುವುದು ಇಮ್ಮಡಿಯಾಗುತ್ತದೆ. ಆ ದ್ರಾವಣ ಯಾವುದೆಂದು ಸದ್ಯಕ್ಕೆ ನನ್ನಲ್ಲಿಯೇ ಇರಲಿ, ನಮ್ಮ ಹೊಟ್ಟೆಪಾಡೂ ಇದರ ಮೇಲೆ ನಿಂತಿದೆ.

ಹುಡುಕುವ ಕ್ರಮದಲ್ಲಿ ಹೊಸದೇನೂ ಇಲ್ಲ. ಕೆಳಗಿನ ಬಾಯಿಯಲ್ಲಿ ಬಟ್ಟೆ ನೀಲಿಯಾದರೆ ಮೇಲಿನ ಕವಲಿನ ಎರಡೂ ಕೈಗಳಲ್ಲಿ ಒಂದೊಂದು ಕಟ್ಟುವುದು, ನೀಲಿ ಬಂದ ಕೈಯನ್ನು ಹಿಡಿದು ಮತ್ತೆ ಮೇಲೆ ಹೋಗುವುದು. ನಮ್ಮ ಚರಂಡಿಯಲ್ಲಿ ಆರು ಕವಲುಗಳಿದ್ದವು, ಆರು ರಾತ್ರಿಗಳಲ್ಲಿ ಮುಗಿಯಬೇಕಿತ್ತು. ಘಟಕ ದಿನವೂ ನೀರು ಬಿಡುವುದಿಲ್ಲವಾದ್ದರಿಂದ ಇಪ್ಪತ್ತಕ್ಕೂ ಹೆಚ್ಚು ರಾತ್ರಿಗಳು ಹಿಡಿದವು. ಕೊನೆಯ ದಿನದ ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ನಾನೇ ತಂತಿ ಎಳೆದೆ. ಟಾರ್ಚಿನ ಬೆಳಕಿನಲ್ಲಿ ಜಾಲರಿ ಬಿಡಿಸಿದರೆ ಬಟ್ಟೆಯ ಹೊಲಿಗೆಯ ಮಡಿಕೆಯೊಳಗೆ ಬಿಳಿಯ ಗೆರೆಯೊಂದು ಹಾಗೆಯೇ ಉಳಿದಿತ್ತು, ಅದರ ಎರಡೂ ಬದಿಗೆ ಹೊಸ ಪ್ಯಾಂಟಿನ ಬಣ್ಣ. ಮೂರು ಮಾರು ಮೇಲಿದ್ದ ಇನ್ನೊಂದು ಬಟ್ಟೆ ಬೂದು ಬಣ್ಣದ್ದಾಗಿತ್ತು, ನೀಲಿಯ ಸುಳಿವೂ ಇರಲಿಲ್ಲ. ಆ ಮೂರು ಮಾರಿನ ನಡುವೆ ಗೋಡೆಯಿಂದ ಹೊರಟ ಕೊಳವೆ ಒಂದೇ ಇತ್ತು. ಕೈಯಿಟ್ಟು ನೋಡಿದೆ, ನೀರು ನಿಂತಿದ್ದರೂ ಕೊಳವೆ ಇನ್ನೂ ಬೆಚ್ಚಗಿತ್ತು.

ಆ ನೀಲಿ ಮನೆಗಳಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಇರಬಾರದೇಕೆ ಎಂಬ ಪ್ರಶ್ನೆಯನ್ನು ಒಬ್ಬ ಹಿರಿಯ ಎಂಜಿನಿಯರು ಎತ್ತಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬಣ್ಣಗಾರರ ಮನೆಯಲ್ಲಿಯೇ ಇತ್ತು. ಬಟ್ಟೆಯ ಚೂರನ್ನು ಸ್ವಲ್ಪ ಕಾಸ್ಟಿಕ್ ಮತ್ತು ಬಣ್ಣಗಾರರು ಬಳಸುವ ಹೈಡ್ರೋಸ್ ಪುಡಿ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿದರೆ ಇಂಡಿಗೊ ಹಳದಿ ಮಿಶ್ರಿತ ಹಸಿರಾಗುತ್ತದೆ, ಹೊರಗೆ ತೆಗೆದು ಗಾಳಿಗೆ ಹಿಡಿದರೆ ಕಣ್ಣೆದುರಿಗೇ ಮತ್ತೆ ನೀಲಿಗೆ ತಿರುಗುತ್ತದೆ. ಬಚ್ಚಲಿಗೆ ಹೋಗುವ ನೀಲಿಯನ್ನೂ ಪಕ್ಕದಲ್ಲಿಟ್ಟು ಅದೇ ರೀತಿ ಪರೀಕ್ಷಿಸಿದೆ, ಅದು ಈ ಆಟವಾಡುವುದಿಲ್ಲ. ಅವರ ಮೇಜಿನ ಮೇಲೆಯೇ ಎರಡು ಗಾಜಿನ ಲೋಟಗಳಲ್ಲಿ ಇದನ್ನು ತೋರಿಸಿದ ದಿನ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಉಳಿದ ಚರಂಡಿಗಳ ನಕ್ಷೆಯನ್ನು ತಾವೇ ತೆಗೆದುಕೊಟ್ಟರು.

ಮಳೆಯ ಕಥೆ ಬೇರೆಯೇ. ಬಳ್ಳಾರಿಗೆ ವರ್ಷಕ್ಕೆ ಬೀಳುವುದೇ 500 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಅದೂ ಸಂಜೆಯ ಮೇಲೆ ಒಮ್ಮೆಗೇ ಸುರಿಯುತ್ತದೆ. ತಿಂಗಳುಗಟ್ಟಲೆ ರಸ್ತೆ, ಗ್ಯಾರೇಜಿನ ಅಂಗಳ, ಚಾವಣಿಗಳ ಮೇಲೆ ಕೂತದ್ದೆಲ್ಲ ಮೊದಲ ಕಾಲುಗಂಟೆಯಲ್ಲಿ ಚರಂಡಿಗೆ ಇಳಿಯುತ್ತದೆ. ಗುಡುಗು ಕೇಳಿದ ಕೂಡಲೇ ಟ್ಯಾಂಕಿನ ಅಡಿಯ ವಾಲ್ವು ತೆಗೆಯುವವರೂ ಇದ್ದಾರೆ, ಎಲ್ಲ ಮಳೆಯ ಜೊತೆ ಹೋಗಿಬಿಡುತ್ತದೆ ಎಂಬ ನಂಬಿಕೆಯಿಂದ. ಆ ಮೊದಲ ನೀರನ್ನು ಹಿಡಿಯಲು ಉಪ್ಪಿನಕಾಯಿಯ ಅಗಲ ಬಾಯಿಯ ಪ್ಲಾಸ್ಟಿಕ್ ಜಾಡಿ ಸಾಕು. ಮುಚ್ಚಳಕ್ಕೆ ಎರಡು ಬೆರಳಗಲದ ತೂತು, ಒಳಗೆ ಒಂದು ಟೇಬಲ್ ಟೆನಿಸ್ ಚೆಂಡು. ನೀರು ಏರಿ ಜಾಡಿ ತುಂಬಿದಾಗ ಚೆಂಡು ತೇಲಿ ಬಂದು ತೂತನ್ನು ಒಳಗಿನಿಂದ ಮುಚ್ಚುತ್ತದೆ, ಆಮೇಲಿನ ತಿಳಿನೀರು ಒಳಗೆ ಬರುವುದಿಲ್ಲ. ದಿನನಿತ್ಯದ ಬಚ್ಚಲ ನೀರಿನ ಗುರುತಿಗಿಂತ ಒಂದು ಗೇಣು ಮೇಲೆ, ಗೋಡೆಗೆ ಬಿಗಿದ ಪಿವಿಸಿ ಕೊಳವೆಯೊಳಗೆ ಕೂರಿಸಬೇಕು, ಇಲ್ಲದಿದ್ದರೆ ಖಾಲಿ ಜಾಡಿ ತೇಲಿಹೋಗುತ್ತದೆ. ಒಂದಕ್ಕೆ ಎಲ್ಲ ಸೇರಿ ನೂರಿಪ್ಪತ್ತು ರೂಪಾಯಿ.

ಮೊದಲ ವರ್ಷ ಇಟ್ಟ ಹದಿನಾಲ್ಕರಲ್ಲಿ ಒಂಬತ್ತು ಹೋದವು. ಕೆಲವನ್ನು ಮಕ್ಕಳು ಚೆಂಡಿಗಾಗಿ ಬಿಚ್ಚಿದರು, ಮಿಕ್ಕವು ಹೂಳಿನ ಜೊತೆ ಟ್ರಾಕ್ಟರ್ ಸೇರಿದವು. ಮೊದಲೇ ಪೌರಕಾರ್ಮಿಕರಿಗೆ ಹೇಳದೆ ಹೋದದ್ದು ನನ್ನ ತಪ್ಪು. ಮರುವರ್ಷ ಪ್ರತಿಯೊಂದನ್ನೂ ಅವರ ಜೊತೆಯಲ್ಲಿಯೇ ನಿಂತು ಕೂರಿಸಿದೆ, ಒಂದೂ ಕಳೆಯಲಿಲ್ಲ. ಯಾವ ಮೋರಿ ಯಾವ ಹೊತ್ತಿಗೆ ಕೈ ಉರಿಸುತ್ತದೆ, ಯಾವುದು ಬ್ಲೀಚಿಂಗ್ ವಾಸನೆ ಹೊಡೆಯುತ್ತದೆ ಎಂಬುದು ಅವರಿಗೆ ವರ್ಷಗಳಿಂದ ಗೊತ್ತಿದೆ, ಯಾರೂ ಅವರನ್ನು ಕೇಳಿರಲಿಲ್ಲ ಅಷ್ಟೇ. ನಾನು ಹಿಡಿದ ಹನ್ನೊಂದರಲ್ಲಿ ನಾಲ್ಕು ಮೂಲಗಳ ಮೊದಲ ಸುಳಿವು ಅವರದೇ. ಆ ಕೈಗಳು ದಿನವೂ ಅದೇ ನೀರಿನಲ್ಲಿ ಇಳಿಯುತ್ತವೆ ಎಂಬುದನ್ನು ನೆನೆದಾಗಲೆಲ್ಲ ಈ ಕೆಲಸ ಇನ್ನೂ ಹತ್ತು ವರ್ಷ ಮೊದಲೇ ಆಗಬೇಕಿತ್ತು ಎನಿಸುತ್ತದೆ. ಆ ಸೆಪ್ಟೆಂಬರಿನ ಒಂದೇ ಮಳೆಯಲ್ಲಿ ಒಂದು ಘಟಕದ ಮೇಲಿನ ಜಾಡಿಯ ಸಿಒಡಿ ನಾನೂರರ ಹತ್ತಿರ, ಕೆಳಗಿನದು ಸಾವಿರದ ಒಂಬೈನೂರರ ಮೇಲೆ ಬಂತು. ನದಿಗೆ ಬಿಡುವ ನೀರಿಗೆ ನಿಯಮ ಒಪ್ಪುವ ಮಿತಿ ಲೀಟರಿಗೆ 250 ಮಿಲಿಗ್ರಾಂ.

ನಡುವೆ ಮಾಡಿದ ಬೇರೆ ಪ್ರಯೋಗಗಳ ವಿಚಾರವನ್ನೂ ಹೇಳಬೇಕು. ಅದಿರು ಲಾರಿಗಳನ್ನು ತೊಳೆಯುವ ಜಾಗದ ಕೆಂಪನ್ನು ಮಣ್ಣಿನ ಕೆಂಪಿನಿಂದ ಬೇರ್ಪಡಿಸಲು ಚರಂಡಿಯಲ್ಲಿ ಆಯಸ್ಕಾಂತ ಇಳಿಬಿಟ್ಟೆ. ನಮ್ಮ ಸಂಡೂರು ಕಡೆಯ ಅದಿರು ಬಹುತೇಕ ಹೆಮಟೈಟ್, ಅದು ಸಾಮಾನ್ಯ ಆಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ ಎಂಬುದು ಮೊದಲೇ ಹೊಳೆಯಬೇಕಿತ್ತು. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿಗೆ ಸೇರಿಸುವ ಹೊಳಪುಕಾರಕಗಳನ್ನು ನೇರಳಾತೀತ ದೀಪದಡಿ ಹುಡುಕುವ ವಿಧಾನವನ್ನೂ ನೋಡಿದೆ. ಬಟ್ಟೆಯೆಲ್ಲವೂ ಹೊಳೆಯಿತು, ನೀರಿಗೆ ಇಳಿಸದ ಹೊಸ ಜೇಬಿನ ಬಟ್ಟೆಯೂ ಹೊಳೆಯಿತು. ಕೋರಾ ಬಟ್ಟೆ ತಂದು ಮತ್ತೆ ಮಾಡಿದರೂ ಬಚ್ಚಲ ನೀರು ಸೇರುವ ಚರಂಡಿಯಲ್ಲಿ ಅದಕ್ಕೆ ಅರ್ಥವಿಲ್ಲ. ಯಾವ ಕೊಳವೆ ಎಲ್ಲಿಗೆ ಸೇರುತ್ತದೆ ಎಂದು ನೋಡಲು ಫ್ಲೋರೆಸೀನ್ ಎಂಬ ಬಣ್ಣವನ್ನು ಒಮ್ಮೆ ಹಾಕಿದಾಗ ಅರ್ಧ ಕಿಲೋಮೀಟರ್ ಚರಂಡಿ ಹಸಿರಾಗಿ, ವಿಷ ಬಿಟ್ಟಿದ್ದಾರೆಂದು ಜನ ಸೇರಿದರು. ಅದರ ಬದಲು ಈಗ ಉಪ್ಪು ಬಳಸುತ್ತೇನೆ. ಮಾಲೀಕರ ಒಪ್ಪಿಗೆ ಪಡೆದು ಅವರ ಅಂಗಳದ ಗುಂಡಿಗೆ ಎರಡು ಕಿಲೋ ಉಪ್ಪು ಕರಗಿಸಿ ಸುರಿದು, ಹೊರಗಿನ ಚರಂಡಿಯಲ್ಲಿ ಮೀಟರು ಹಿಡಿದು ಕೂತರೆ ಕೆಲವೇ ನಿಮಿಷದಲ್ಲಿ ಮುಳ್ಳು ಎದ್ದಂತೆ ಅಂಕಿ ಏರುತ್ತದೆ. ಒಳಚರಂಡಿಗೆ ಸೇರಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದ ಇಬ್ಬರು ಗ್ಯಾರೇಜಿನವರಿಗೆ ತಮ್ಮ ಕೊಳವೆ ಮಳೆನೀರು ಚರಂಡಿಗೆ ಹೋಗುತ್ತಿದೆ ಎಂದು ತಿಳಿದದ್ದು ಈ ಪರೀಕ್ಷೆಯಿಂದಲೇ.

ನಮ್ಮ ಮಾದರಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಮಾಲೀಕರೆದುರು ಎರಡು ಭಾಗ ಮಾಡಿ ಮೊಹರು ಹಾಕಿದ ಮಾದರಿಯೇ ಸಾಕ್ಷಿ. ಆದ್ದರಿಂದ ನಾನು ದೂರಿಗೆ ಮೊದಲು ಮಾಲೀಕರ ಬಳಿಗೇ ಹೋಗುತ್ತೇನೆ. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ, ಎರಡನ್ನೂ ದಿನಾಂಕ ಬರೆದ ಪಾರದರ್ಶಕ ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಡುತ್ತೇನೆ. ಅಂಕಿಗಳ ವರದಿ ಕೊಟ್ಟರೆ ವಾದ ಮಾಡುವವರು ಜೀವಮಾನವೆಲ್ಲ ಬಟ್ಟೆ ನೋಡಿಯೇ ಬದುಕಿದವರು, ಆ ನೀಲಿಯನ್ನು ಅವರು ನನಗಿಂತ ಚೆನ್ನಾಗಿ ಓದುತ್ತಾರೆ. ಒಬ್ಬರು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಮಂಗಳವಾರದ ಲಾಟು ಎಂದು ತಾವೇ ಹೇಳಿದರು. ಆ ವಾರವೇ ಗೋಡೆಯ ಕೊಳವೆಗೆ ಸಿಮೆಂಟು ಬಿತ್ತು. ಗ್ಯಾರೇಜುಗಳಲ್ಲಿ ಬಟ್ಟೆಗೆ ಬದಲು ಎಣ್ಣೆ ಹೀರುವ ಹಾಳೆ ಕಟ್ಟಿ, ಮೊದಲು ಮತ್ತು ನಂತರದ ತೂಕ ನೋಡುತ್ತೇವೆ. ಹಳೆಯ ಎಂಜಿನ್ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅನುಮತಿ ಪಡೆದ ಸಂಸ್ಕರಣೆದಾರರಿಗೆ ಕೊಟ್ಟರೆ ಹಣ ಬರುತ್ತದೆ ಎಂದು ತಿಳಿದ ಮೇಲೆ ಐದು ಗ್ಯಾರೇಜುಗಳು ತಾವಾಗಿಯೇ ನಿಲ್ಲಿಸಿದವು.

ಲೆಕ್ಕ ಹೇಳುವುದಾದರೆ, ಎಲ್ಲ ಸೇರಿ ಖರ್ಚು ಎಪ್ಪತ್ತು ಸಾವಿರದಷ್ಟಾಗಿದೆ, ಕೈಗೆ ಬಂದದ್ದು ನಲವತ್ತೆರಡು ಸಾವಿರ. ವ್ಯರ್ಥವಾದ ಮೊದಲ ಆರು ತಿಂಗಳನ್ನು ಬಿಟ್ಟರೆ, ಒಂದು ಮೂಲ ಹಿಡಿಯಲು ನಮಗೆ ಸುಮಾರು ಮೂರೂವರೆ ಸಾವಿರ ಬಿದ್ದಿದೆ. ಹನ್ನೊಂದರಲ್ಲಿ ಇನ್ನೂ ನಿಲ್ಲಿಸದೆ ಉಳಿದ ಮೂರರಲ್ಲಿ ಎರಡು ಹೋಟೆಲಿನ ಜಿಡ್ಡು, ಒಂದು ರಾತ್ರಿ ಮಾತ್ರ ತೊಳೆಯುವ ಘಟಕ. ಅದರ ಕೆಳಗಿನ ಕವಲಿನಲ್ಲಿ ಕಳೆದ ಶುಕ್ರವಾರ ಮತ್ತೆ ಎರಡು ಬಟ್ಟೆ ಇಳಿಬಿಟ್ಟಿದ್ದೇವೆ.